ಟೇಬಲ್ ಫ್ಯಾನ್ ಎದುರು ಕೂತು ಕಲಿತದ್ದು: ಹಳೆಯ ವಿಮಾನದ ಫೋಟೊ ಎಲ್ಲಿ ಕೆಡುತ್ತದೆ?

ಇಂಗ್ಲೆಂಡಿನ ಬೆಡ್‌ಫರ್ಡ್‌ಶೈರಿನಲ್ಲಿ ಓಲ್ಡ್ ವಾರ್ಡನ್ ಅಂತ ಒಂದು ಹಳ್ಳಿ. ಅಲ್ಲಿನ ಹುಲ್ಲಿನ ರನ್‌ವೇ ಪಕ್ಕ ಶಟಲ್‌ವರ್ತ್ ಸಂಗ್ರಹದ ಹಳೆಯ ವಿಮಾನಗಳಿವೆ. ಹೆಚ್ಚಿನವು ಈಗಲೂ ಹಾರುತ್ತವೆ. ಮೊದಲ ಸಲ ಹೋದಾಗ ನನ್ನ ಕೈಯಲ್ಲಿದ್ದದ್ದು ರಂಗನತಿಟ್ಟಿನಲ್ಲಿ ಪಳಗಿದ ಕ್ಯಾಮೆರಾ, ಅಲ್ಲೇ ಪಳಗಿದ ಬೆರಳು. ಶಟರ್ ತೆರೆದಿರುವ ಹೊತ್ತು ಹಾರುವ ಹಕ್ಕಿಗೆ ಸೆಕೆಂಡಿನ 1/2000, ಕೂತ ಹಕ್ಕಿಗೆ 1/500. ಬೇರೆ ಲೆಕ್ಕ ಗೊತ್ತಿರಲಿಲ್ಲ. ಸಂಜೆ ಮನೆಗೆ ಬಂದು ನೋಡಿದರೆ ಆರುನೂರು ಫೋಟೊ, ಎಲ್ಲವೂ ಮೊಳೆ ಎಣಿಸುವಷ್ಟು ಶಾರ್ಪ್, ಎಲ್ಲವೂ ದಂಡ. ಪ್ರತಿ ವಿಮಾನದ ಪ್ರೊಪೆಲರೂ ಗೋಡೆಗೆ ಹೊಡೆದು ನಿಲ್ಲಿಸಿದ ಹಾಗಿತ್ತು. ಊರಲ್ಲಿರುವ ಅಣ್ಣನಿಗೆ ಒಂದು ಕಳಿಸಿದೆ. "ಇಂಜಿನ್ ಆಫ್ ಆಗಿತ್ತೇನೋ? ಪಾಪ, ಪೈಲಟ್ ಸರಿಯಾಗಿ ಇಳಿದನಾ?" ಅಂತ ಕೇಳಿದ.

ಮುಂದಿನ ಸಲ 1/60 ಇಟ್ಟೆ. ಪ್ರೊಪೆಲರ್ ತಿರುಗಿತು, ವಿಮಾನ ಮಂಜಾಯಿತು. ಅದರ ಮುಂದಿನ ಸಲ ಕೈ ಸ್ವಲ್ಪ ಹದಕ್ಕೆ ಬಂತು, ವಿಮಾನವೂ ಸಿಕ್ಕಿತು, ಆದರೆ ಆಕಾಶದ ತುಂಬ ಕಪ್ಪು ಚುಕ್ಕೆ. ಈ ದೋಷಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಒಂದನ್ನು ಸರಿಮಾಡಿದರೆ ಅದೇ ಕಾರಣಕ್ಕೆ ಇನ್ನೊಂದು ತಲೆ ಎತ್ತುತ್ತದೆ. ಹಾಗಾಗಿ ಇವನ್ನು ಬರುವ ಕ್ರಮದಲ್ಲೇ ಹಿಡಿಯಬೇಕು. ಕೆಳಗಿನದು ಆ ಕ್ರಮ.

ಮೊದಲು ಫೋಟೊ ಓದಿ

ಸೆಟ್ಟಿಂಗ್ ಮುಟ್ಟುವ ಮುಂಚೆ ಕೆಟ್ಟ ಫೋಟೊವನ್ನು ನೂರಕ್ಕೆ ನೂರು ದೊಡ್ಡದು ಮಾಡಿ ಮೂರು ಕಡೆ ನೋಡಿ. ಒಂದು, ಪ್ರೊಪೆಲರ್. ಎರಡು, ವಿಮಾನದ ಮೈಮೇಲೆ ಬರೆದ ಅಕ್ಷರ, ಸಂಖ್ಯೆ. ಮೂರು, ಹಿಂದಿನ ಮರ, ಹುಲ್ಲು ಅಥವಾ ಮೋಡ. ಪ್ರೊಪೆಲರ್ ಶಟರ್ ವೇಗದ ಬಗ್ಗೆ ಸಾಕ್ಷಿ ಹೇಳುತ್ತದೆ, ಅಕ್ಷರಗಳು ನಿಮ್ಮ ಕೈಯ ಬಗ್ಗೆ, ಹಿನ್ನೆಲೆ ಫೋಕಸ್ ಎಲ್ಲಿ ಹೋಯಿತು ಎಂಬ ಬಗ್ಗೆ. ಕ್ಯಾಮೆರಾದ ಹಿಂದಿನ ಸಣ್ಣ ಪರದೆಯಲ್ಲಿ ಇದನ್ನು ಮಾಡಬೇಡಿ. ಬಿಸಿಲಲ್ಲಿ ಅದರಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ.

ಪ್ರೊಪೆಲರ್ ನಿಂತುಬಿಟ್ಟಿದೆ

ಲಕ್ಷಣ: ಅಕ್ಷರ ಶಾರ್ಪ್, ಮರವೂ ಶಾರ್ಪ್, ಪ್ರೊಪೆಲರ್ ಅಲಗುಗಳನ್ನು ಎಣಿಸಬಹುದು. ಕಾರಣ ಒಂದೇ, ಶಟರ್ ಅತಿ ವೇಗ. ಎಷ್ಟಕ್ಕೆ ಇಳಿಸಬೇಕು ಎಂಬುದಕ್ಕೆ ಊಹೆ ಬೇಡ, ಮನೆಗಣಿತ ಸಾಕು. ಪ್ರೊಪೆಲರ್ ನಿಮಿಷಕ್ಕೆ ಎಷ್ಟು ಸುತ್ತುತ್ತದೋ ಅದನ್ನು 6ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಡಿಗ್ರಿ ಎಂದು ಸಿಗುತ್ತದೆ. ಅದನ್ನು ಶಟರ್ ಸಂಖ್ಯೆಯಿಂದ ಭಾಗಿಸಿ. ಶಟರ್ ತೆರೆದಿದ್ದಾಗ ಅಲಗು ಅಷ್ಟು ಡಿಗ್ರಿ ತಿರುಗಿರುತ್ತದೆ.

ಹಳೆಯ ತರಬೇತಿ ವಿಮಾನ ಟೈಗರ್ ಮಾತ್ ನೋಡಿ. ಅದರ ಜಿಪ್ಸಿ ಮೇಜರ್ ಇಂಜಿನಿಗೂ ಪ್ರೊಪೆಲರಿಗೂ ನಡುವೆ ಗೇರ್ ಇಲ್ಲ, ನೇರ ಜೋಡಣೆ. ಸಾಧಾರಣ ಹಾರಾಟದಲ್ಲಿ ಸುಮಾರು 1900 ಸುತ್ತು. 1900 ಗುಣಿಸು 6, ಅಂದರೆ 11,400 ಡಿಗ್ರಿ. 1/125ರಲ್ಲಿ ಅಲಗು 91 ಡಿಗ್ರಿ ತಿರುಗುತ್ತದೆ. ಅಲಗು ಎರಡೇ ಇರುವುದರಿಂದ ಪೂರ್ತಿ ಚಕ್ರ ತುಂಬಲು 180 ಡಿಗ್ರಿ ಬೇಕು. ಸಿಕ್ಕಿದ್ದು ಅರ್ಧ. 1/1000 ಇಟ್ಟಿದ್ದರೆ 11 ಡಿಗ್ರಿ, ಅಂದರೆ ಅಣ್ಣ ಕೇಳಿದ ಪ್ರಶ್ನೆ.

ಎರಡು ಇಂಜಿನಿನ ಸಾಗಣೆ ವಿಮಾನ ಡಕೋಟಾಗೆ ಬನ್ನಿ. ಅದರ ಟ್ವಿನ್ ವಾಸ್ಪ್ ಇಂಜಿನ್ 16 ಸುತ್ತು ಸುತ್ತಿದರೆ ಗೇರಿನಿಂದಾಗಿ ಪ್ರೊಪೆಲರ್ 9 ಸುತ್ತು ಮಾತ್ರ. ಇಂಜಿನ್ 2050ರಲ್ಲಿದ್ದರೆ ಪ್ರೊಪೆಲರ್ ಸುಮಾರು 1150. ಲೆಕ್ಕ ಹಾಕಿದರೆ 1/125ಕ್ಕೆ 55 ಡಿಗ್ರಿ. ಟೈಗರ್ ಮಾತ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಅಲಗು ಮೂರಿವೆ, ಚಕ್ರ ತುಂಬಲು 120 ಸಾಕು. ಇಲ್ಲೂ ಸಿಕ್ಕಿದ್ದು ಹೆಚ್ಚುಕಮ್ಮಿ ಅರ್ಧವೇ. ಎರಡನೆಯ ಮಹಾಯುದ್ಧದ ಫೈಟರ್ ಸ್ಪಿಟ್‌ಫೈರ್ ಮಾರ್ಕ್ 9ಕ್ಕೆ ನಾಲ್ಕು ಅಲಗು. ಮರ್ಲಿನ್ ಇಂಜಿನಿನ ಗೇರ್ ಅನುಪಾತ 0.477, ಇಂಜಿನ್ 2000 ಅಂದರೆ ಪ್ರೊಪೆಲರ್ ಸುಮಾರು 950. 1/125ಕ್ಕೆ 46 ಡಿಗ್ರಿ, ಬೇಕಾದದ್ದು 90. ಮತ್ತೆ ಅರ್ಧ!

ಇದನ್ನು ಮೊದಲು ಲೆಕ್ಕ ಹಾಕಿದ ದಿನ ನನಗೆ ನಿಜಕ್ಕೂ ಖುಷಿಯಾಯಿತು. ಗೇರು ವೇಗ ಕಡಿಮೆ ಮಾಡುತ್ತದೆ, ಹೆಚ್ಚುವರಿ ಅಲಗು ಅದನ್ನು ತುಂಬಿಕೊಡುತ್ತದೆ, ಕೊನೆಗೆ ಎಲ್ಲರ ಚಕ್ರವೂ 1/125ರಲ್ಲಿ ಅರ್ಧಕ್ಕೆ ಬಂದು ನಿಲ್ಲುತ್ತದೆ. ಕಣ್ಣಿಗೆ ಇಂಜಿನ್ ಓಡುತ್ತಿದೆ ಅನ್ನಿಸಲು ಅರ್ಧ ಚಕ್ರ ಸಾಕು. ಪೂರ್ತಿ ಚಕ್ರ ಬೇಕೆಂದರೆ 1/60, ಅದಕ್ಕೆ ಧೈರ್ಯ ಬೇಕು.

ಈ ಲೆಕ್ಕಕ್ಕೆ ತಪ್ಪಿಸಿಕೊಳ್ಳುವವರೂ ಇದ್ದಾರೆ. ಓಲ್ಡ್ ವಾರ್ಡನ್ನಿನ ಸ್ಪಿಟ್‌ಫೈರ್ ಮಾರ್ಕ್ 5, ಅದಕ್ಕೆ ಮೂರೇ ಅಲಗು, 1/100ಕ್ಕೆ ಇಳಿಸಿ. ಮೊದಲ ಮಹಾಯುದ್ಧದ ರೋಟರಿ ಇಂಜಿನ್ ವಿಮಾನಗಳಲ್ಲಿ ಇಂಜಿನ್ನೇ ಪ್ರೊಪೆಲರ್ ಜೊತೆ ಗಿರಗಿರ ಸುತ್ತುತ್ತದೆ, ನಿಮಿಷಕ್ಕೆ ಸುಮಾರು 1200. ಅಲಗು ಎರಡು. ಅವಕ್ಕೆ 1/80. ತರಬೇತಿ ವಿಮಾನ ಹಾರ್ವರ್ಡ್ ಮಾತ್ರ ಔದಾರ್ಯದ್ದು. ಗೇರಿಲ್ಲ, ಟೇಕಾಫ್ ಹೊತ್ತಿಗೆ ನಿಮಿಷಕ್ಕೆ 2250 ಸುತ್ತು, ಸುಮಾರು 9 ಅಡಿಯ ಪ್ರೊಪೆಲರಿನ ತುದಿ ಶಬ್ದದ ವೇಗದ ಹತ್ತಿರಕ್ಕೇ ಹೋಗುತ್ತದೆ. ಕಿವಿ ಹರಿಯುವ ಆ ಕರ್ಕಶ ಸದ್ದು ಬರುವುದು ಅಲ್ಲಿಂದಲೇ. ಟೇಕಾಫಿನಲ್ಲಿ 1/160 ಇಟ್ಟರೂ ಅರ್ಧದ ಹತ್ತಿರ ಸಿಗುತ್ತದೆ.

ನೆಲದ ಮೇಲೆ ಓಡಾಡುವಾಗ ಎಲ್ಲ ಲೆಕ್ಕ ತಲೆಕೆಳಗು. ಮರ್ಲಿನ್ ಇಂಜಿನ್ ಸುಮ್ಮನೆ ಗುಡುಗುಡು ಎನ್ನುವಾಗ 650 ಸುತ್ತು ಇದ್ದರೆ ಪ್ರೊಪೆಲರ್ ಬರೀ 310. 1/125ರಲ್ಲಿ 15 ಡಿಗ್ರಿ. "ಹಾರುವಾಗ ಸರಿ ಬಂತು, ಟ್ಯಾಕ್ಸಿ ಮಾಡುವಾಗ ನಿಂತುಬಿಟ್ಟಿದೆ" ಎಂಬ ದೂರಿಗೆ ಉತ್ತರ ಇದೇ. 1/40ಕ್ಕೆ ಇಳಿಸಿ. ವಿಮಾನ ನಿಧಾನ ಇರುವುದರಿಂದ ಅದು ಅಷ್ಟು ಕಷ್ಟವಲ್ಲ.

ಏರ್ ಷೋ ವರ್ಷಕ್ಕೊಮ್ಮೆ ಬಂದರೆ ಅಭ್ಯಾಸ ಎಲ್ಲಿ ಮಾಡುವುದು? ಮನೆಯಲ್ಲೇ. ಟೇಬಲ್ ಫ್ಯಾನ್ ಪೂರ್ತಿ ವೇಗದಲ್ಲಿ ನಿಮಿಷಕ್ಕೆ ಸುಮಾರು 1300 ಸುತ್ತುತ್ತದೆ, ಮೂರು ಅಲಗು. ಅಂದರೆ ಹಾರುತ್ತಿರುವ ಡಕೋಟಾದ ಪ್ರೊಪೆಲರಿಗಿಂತ ಚೂರು ಜೋರು. ತಲೆ ಮೇಲಿನ ಸೀಲಿಂಗ್ ಫ್ಯಾನ್ 330ರ ಆಸುಪಾಸು, ಅದು ಟ್ಯಾಕ್ಸಿ ಮಾಡುತ್ತಿರುವ ಸ್ಪಿಟ್‌ಫೈರ್. ಇವೆರಡರ ಎದುರು 1/1000ದಿಂದ 1/30ವರೆಗೆ ಒಂದೊಂದು ಫೋಟೊ ತೆಗೆದು ಸಾಲಾಗಿ ಇಟ್ಟು ನೋಡಿ. ಅರ್ಧ ಗಂಟೆಯಲ್ಲಿ ಕಣ್ಣಿಗೆ ಅಳತೆ ಕೂರುತ್ತದೆ. ಕಿಟಕಿ ಬೆಳಕಲ್ಲಿ ಮಾಡಿ. ಕೆಲವು ಎಲ್‌ಇಡಿ ಬಲ್ಬು ಕಣ್ಣಿಗೆ ಕಾಣದ ಹಾಗೆ ಮಿನುಗುತ್ತಿರುತ್ತವೆ, ಅಲಗುಗಳು ತುಂಡುತುಂಡಾಗಿ ಬಂದು ದಾರಿ ತಪ್ಪಿಸುತ್ತವೆ. ಮನೆಯವರು ಏನಾಯಿತು ಇವನಿಗೆ ಅಂತ ನೋಡುತ್ತಾರೆ. ನೋಡಲಿ.

ಪ್ರೊಪೆಲರ್ ತಿರುಗಿದೆ, ವಿಮಾನ ಮಸುಕು

ಮೊದಲ ದೋಷ ಸರಿಮಾಡಿದವರಿಗೆಲ್ಲ ಬರುವ ಎರಡನೆಯ ದೋಷ ಇದು. ಇಲ್ಲಿ ಕಾರಣ ಒಂದಲ್ಲ, ನಾಲ್ಕು. ನಾಲ್ಕನ್ನೂ "ಶೇಕ್ ಆಗಿದೆ" ಎಂಬ ಒಂದೇ ಮಾತಿನಲ್ಲಿ ಮುಗಿಸುವುದರಿಂದಲೇ ಜನ ಲೆನ್ಸ್ ಬದಲಾಯಿಸಲು ಹೊರಡುತ್ತಾರೆ.

ಅಕ್ಷರಗಳನ್ನು ನೋಡಿ. ಅಡ್ಡಡ್ಡ ಎಳೆದಂತೆ ಇದ್ದರೆ ನಿಮ್ಮ ಪ್ಯಾನಿಂಗ್ (ವಿಮಾನದ ಜೊತೆಗೇ ಕ್ಯಾಮೆರಾ ತಿರುಗಿಸುವುದು) ವೇಗವೂ ವಿಮಾನದ ವೇಗವೂ ಹೊಂದಿಲ್ಲ. ಬಹುತೇಕ ಸಲ ಗುಂಡಿ ಒತ್ತಿದ ಕ್ಷಣಕ್ಕೆ ಕೈ ನಿಂತಿರುತ್ತದೆ. ಸೊಂಟದಿಂದ ಮೇಲೆ ಇಡೀ ಮೈ ತಿರುಗಬೇಕು, ಪಾದಗಳು ವಿಮಾನ ಹೋಗಿ ಮುಟ್ಟುವ ಕಡೆಗೆ ಮುಖಮಾಡಿರಬೇಕು, ಒತ್ತಿದ ಮೇಲೂ ಒಂದು ಕ್ಷಣ ತಿರುಗುತ್ತಲೇ ಇರಬೇಕು. ಅಕ್ಷರ ಮೇಲಕ್ಕೂ ಕೆಳಕ್ಕೂ ಎಳೆದಂತಿದ್ದರೆ ಬೆರಳು ಗುಂಡಿಯನ್ನು ಕುಟ್ಟುತ್ತಿದೆ. ಹೂವು ಬಿಡಿಸುವ ಹಾಗೆ ಒತ್ತಿ, ಮೂರು ನಾಲ್ಕು ಫೋಟೊಗಳ ಸರಣಿ ತೆಗೆಯಿರಿ. ಮೊದಲನೆಯದಕ್ಕಿಂತ ನಡುವಿನದೇ ಹೆಚ್ಚಾಗಿ ಚೆನ್ನಾಗಿರುತ್ತದೆ. ಕೈನಡುಕ ತಗ್ಗಿಸುವ ಲೆನ್ಸಿನ ಸ್ಟೆಬಿಲೈಸರ್ ಯಾವ ಮೋಡ್‌ನಲ್ಲಿದೆ ಎಂದೂ ನೋಡಿ. ಕೆನಾನ್, ಸೋನಿಯ ಬಹುಪಾಲು ಉದ್ದ ಲೆನ್ಸುಗಳಲ್ಲಿ ಮೋಡ್ 2 ಪ್ಯಾನಿಂಗ್‌ಗೆ ಇರುವುದು, ನಿಕಾನ್‌ನಲ್ಲಿ ಸ್ಪೋರ್ಟ್. ಇಷ್ಟು ಮಾಡಿದರೂ 1/60ರಲ್ಲಿ ಹತ್ತಕ್ಕೆ ಎರಡು ಸಿಕ್ಕರೆ ನನಗೆ ಹಬ್ಬ. ದಿನ ಶುರುವಾದಾಗ 1/250ರಲ್ಲಿ ಒಂದಿಷ್ಟು ಖಾತ್ರಿ ಫೋಟೊ ತೆಗೆದಿಟ್ಟುಕೊಂಡು ಆಮೇಲೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತೇನೆ.

ಇನ್ನೊಂದು ಲಕ್ಷಣ ಜನರನ್ನು ತುಂಬ ಕಾಡುತ್ತದೆ: ಮೂಗು ಶಾರ್ಪ್, ಬಾಲ ಮಸುಕು. ಇದು ಫೋಕಸ್ಸಿನ ತಪ್ಪಲ್ಲ, ಕೈಯ ತಪ್ಪೂ ಅಲ್ಲ. ವಿಮಾನ ಹತ್ತಿರದಲ್ಲಿ ತಿರುವು ತೆಗೆದುಕೊಳ್ಳುವಾಗ ಅದರ ಮೂಗು ಮತ್ತು ಬಾಲ ನಿಮ್ಮ ಕಣ್ಣಿಗೆ ಬೇರೆ ಬೇರೆ ವೇಗದಲ್ಲಿ ಸರಿಯುತ್ತವೆ. ನೀವು ಒಂದರ ವೇಗ ಹಿಡಿದರೆ ಇನ್ನೊಂದು ತಪ್ಪುತ್ತದೆ. ಓಲ್ಡ್ ವಾರ್ಡನ್ನಿನಲ್ಲಿ ಜನ ನಿಲ್ಲುವ ಸಾಲೇ ಬಾಗಿದೆ. ವಿಮಾನಗಳು ಆ ಬಾಗನ್ನು ಸುತ್ತಿಕೊಂಡು ಬರುವುದರಿಂದ ರೆಕ್ಕೆಯ ಮೇಲ್ಭಾಗ, ಕಾಕ್‌ಪಿಟ್ಟಿನಲ್ಲಿ ಕೂತ ಪೈಲಟ್, ಎಲ್ಲ ಕಾಣುತ್ತದೆ. ಆ ಜಾಗದ ಸೊಗಸೇ ಅದು. ಈ ದೋಷದ ತವರೂ ಅದೇ. ಅಲ್ಲಿ 1/200ಕ್ಕೆ ಏರಿಸಿ, ಪ್ರೊಪೆಲರ್ ಸ್ವಲ್ಪ ಕಡಿಮೆ ತಿರುಗಿದರೂ ಪರವಾಗಿಲ್ಲ. ವಿಮಾನ ನೇರ ಎದುರಿಗೆ ಪಕ್ಕ ತೋರಿಸಿ ಹೋಗುವಾಗ ಮತ್ತೆ ಇಳಿಸಿ.

ಅಕ್ಷರ ಯಾವ ದಿಕ್ಕಿಗೂ ಎಳೆದಿಲ್ಲ, ಬರೀ ಮೆತ್ತಗಿದೆ, ಆದರೆ ಹಿಂದಿನ ಮರದ ಎಲೆ ಅಥವಾ ಮುಂದಿನ ಹುಲ್ಲಿನ ತುದಿ ಶಾರ್ಪಾಗಿದೆ ಎಂದಾದರೆ ಆಗ ಮಾತ್ರ ಫೋಕಸ್ಸಿನ ಮೇಲೆ ಅನುಮಾನ ಪಡಿ. ನನ್ನದು ಎರಡು ಋತು ಪೂರ್ತಿ "ಹಕ್ಕಿ" ಪತ್ತೆ ಮೋಡ್‌ನಲ್ಲೇ ಇತ್ತು. ಕ್ಯಾಮೆರಾ ಪಾಪ, ಬೈಪ್ಲೇನಿನ ತಂತಿಗಳ ನಡುವೆ ಹಕ್ಕಿಯ ಕಣ್ಣು ಹುಡುಕುತ್ತಿತ್ತು. "ವಿಮಾನ" ಮೋಡ್ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಸಣ್ಣ ಗುಂಪು ಪಾಯಿಂಟ್‌ಗಳನ್ನು ಕಾಕ್‌ಪಿಟ್ ಮೇಲೆ ಇಡಿ. ಬೂದು ಮೋಡದ ಎದುರು ಫೋಕಸ್ ಹಿಂದೆ ಮುಂದೆ ಓಲಾಡುತ್ತಿದ್ದರೆ ಲೆನ್ಸಿನ ದೂರಮಿತಿ ಸ್ವಿಚ್ಚನ್ನು ದೂರಕ್ಕೆ ತಳ್ಳಿ.

ನಾಲ್ಕನೆಯದು ಬಿಸಿಗಾಳಿ. ಇದಕ್ಕೆ ಮದ್ದಿಲ್ಲ. ಸರಣಿಯ ನಾಲ್ಕು ಫೋಟೊ ಪಕ್ಕಪಕ್ಕ ಇಟ್ಟರೆ ಒಂದೊಂದರಲ್ಲೂ ಅಕ್ಷರಗಳು ಒಂದೊಂದು ರೀತಿ ವಕ್ರವಾಗಿದ್ದರೆ, ರೆಕ್ಕೆಯ ನೇರ ಅಂಚು ಅಲೆಅಲೆಯಾಗಿದ್ದರೆ ಅದೇ. ಶಟರ್ ಎಷ್ಟೇ ಏರಿಸಿದರೂ ಹೋಗುವುದಿಲ್ಲ. ಹುಲ್ಲಿನ ಮೈದಾನದಲ್ಲಿ ಇದು ಕಡಿಮೆ. ಯಲಹಂಕದ ಏರೋ ಇಂಡಿಯಾ ನಡೆಯುವುದು ಫೆಬ್ರವರಿಯಲ್ಲಿ. ಮಧ್ಯಾಹ್ನದ ಹೊತ್ತು ಆ ರನ್‌ವೇ ಕಾದ ಕಾವಲಿ. ಭಾರತೀಯ ವಾಯುಪಡೆಯ ಡಕೋಟಾ "ಪರಶುರಾಮ" 2019ರಲ್ಲಿ ಅಲ್ಲಿಗೆ ಬಂದಿತ್ತು. ಅದರ ಬಾಲದ ಮೇಲಿರುವ ವಿಪಿ 905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ ಡಕೋಟಾದ್ದು. ಅಂಥ ಸಂಖ್ಯೆ ಓದಲು ಬರುವ ಹಾಗೆ ಬೇಕೆಂದರೆ ರನ್‌ವೇ ಮೇಲೆ ಓಡುವಾಗ ಕಾಯಬೇಡಿ. ಮೇಲೇರಿ ಬಿಸಿ ಪದರ ದಾಟಿದ ಮೇಲೆ ಒತ್ತಿ, ಅಥವಾ ಬೆಳಗ್ಗೆಯೇ ಹೋಗಿ. ಮರೆಯುವ ಇನ್ನೊಂದು ವಿಷಯ: ನೀವು ಕಾರುಗಳ ಸಾಲಿನ ಹಿಂದೆ ನಿಂತು ಬಾನೆಟ್‌ಗಳ ಮೇಲಿಂದ ತೆಗೆಯುತ್ತಿದ್ದರೆ ಬಿಸಿಗಾಳಿ ಏಳುತ್ತಿರುವುದು ನಿಮ್ಮ ಮೂಗಿನ ಮುಂದೆಯೇ. ಹತ್ತು ಹೆಜ್ಜೆ ಪಕ್ಕಕ್ಕೆ ಸರಿದರೆ ಸಾಕು.

ಪ್ರೊಪೆಲರ್ ಬಾಳೆಹಣ್ಣಿನ ಹಾಗೆ ಬಾಗಿದೆ

ಎಲೆಕ್ಟ್ರಾನಿಕ್ ಶಟರ್. ಸೆನ್ಸರ್ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ, ಕೊನೆಯ ಸಾಲು ಓದುವಷ್ಟರಲ್ಲಿ ಅಲಗು ಜಾಗ ಬಿಟ್ಟಿರುತ್ತದೆ. ಹಕ್ಕಿ ಬೆದರದಿರಲಿ ಎಂದು ಹಾಕಿದ ಸದ್ದಿಲ್ಲದ ಮೋಡ್ ಹಾಗೇ ಉಳಿದಿರುತ್ತದೆ, ಇಲ್ಲೂ ಹಕ್ಕಿ ಚಾಳಿ. ಮೆಕಾನಿಕಲ್ ಶಟರಿಗೆ ಬದಲಾಯಿಸಿ. ಹಾರ್ವರ್ಡ್ ಸದ್ದಿನಲ್ಲಿ ನಿಮ್ಮ ಕ್ಯಾಮೆರಾದ ಕ್ಲಿಕ್ ಯಾರಿಗೂ ಕೇಳುವುದಿಲ್ಲ. ಸೆನ್ಸರನ್ನು ಒಂದೇ ಏಟಿಗೆ ಓದುವ ಸೋನಿ ಎ9 III ಥರದ ಕ್ಯಾಮೆರಾ ಇದ್ದವರಿಗೆ ಈ ತೊಂದರೆ ಇಲ್ಲ. ಮೊಬೈಲಿನಲ್ಲಿ ತೆಗೆಯುವವರಿಗೆ ಬಿಡುಗಡೆ ಇಲ್ಲ.

ಆಕಾಶದ ತುಂಬ ಚುಕ್ಕೆ, ಒಟ್ಟಾರೆ ಮಂಕು

ಶಟರ್ ಇಳಿಸಿದ್ದರ ಬಾಕಿ ಬಿಲ್ಲು ಇದು. ಒಳ್ಳೆ ಬಿಸಿಲಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 100, ಶಟರ್ 1/100 ಅಂದರೆ ಅಪರ್ಚರ್ (ಲೆನ್ಸಿನ ಕಿಂಡಿ, ಸಂಖ್ಯೆ ದೊಡ್ಡದಾದಷ್ಟು ಕಿಂಡಿ ಸಣ್ಣದು) ಎಫ್/16 ಬೇಕು ಎಂಬುದು ಫಿಲಂ ಕಾಲದ ಬಾಯಿಪಾಠ. 1/60ಕ್ಕೆ ಇಳಿದರೆ ಎಫ್/20, 1/40ಕ್ಕೆ ಎಫ್/25. ನೀವು ಶಟರ್ ಮಾತ್ರ ಇಳಿಸಿದಿರಿ, ಕ್ಯಾಮೆರಾ ಸದ್ದಿಲ್ಲದೆ ಲೆನ್ಸಿನ ಕಿಂಡಿಯನ್ನು ಸೂಜಿರಂಧ್ರ ಮಾಡಿತು. ಎಫ್/5.6ರಲ್ಲಿ ಕರಗಿಹೋಗುವ ಸೆನ್ಸರಿನ ಧೂಳು ಅಲ್ಲಿ ಕಪ್ಪು ಚುಕ್ಕೆಯಾಗಿ ಏಳುತ್ತದೆ. ಎಫ್/16 ದಾಟಿದ ಮೇಲೆ ಬೆಳಕು ಕಿಂಡಿಯ ಅಂಚಿನಲ್ಲಿ ಹರಡಿ ಚಿತ್ರವೇ ಮೆತ್ತಗಾಗುತ್ತದೆ. ಅದನ್ನು ನೋಡಿ ನಾನು ಕೈಯನ್ನೇ ಬೈದುಕೊಂಡಿದ್ದೇನೆ, ಎಷ್ಟೋ ಸಲ.

ಚುಕ್ಕೆ ಧೂಳೋ ಹಕ್ಕಿಯೋ ತಿಳಿಯಲು ಎರಡು ಫೋಟೊ ಹೋಲಿಸಿ. ಧೂಳು ಪ್ರತಿ ಚೌಕಟ್ಟಿನಲ್ಲೂ ಅದೇ ಜಾಗದಲ್ಲಿ ಕೂತಿರುತ್ತದೆ. ಯಲಹಂಕದಲ್ಲಾದರೆ ಅದು ಹದ್ದೂ ಆಗಿರಬಹುದು. ಹದ್ದುಗಳು ಸೇರದಿರಲೆಂದೇ ಏರೋ ಇಂಡಿಯಾ ಸಮಯದಲ್ಲಿ ವಾಯುನೆಲೆಯ ಸುತ್ತ ಮಾಂಸ ಮಾರಾಟ ನಿಲ್ಲಿಸುತ್ತಾರೆ, 2025ರಲ್ಲಿ ಅದು 13 ಕಿ.ಮೀ. ತ್ರಿಜ್ಯದಲ್ಲಿತ್ತು. ಆದರೂ ಒಂದೆರಡು ಬಂದೇ ಬರುತ್ತವೆ.

ಮದ್ದು ಎನ್‌ಡಿ ಫಿಲ್ಟರ್, ಅಂದರೆ ಲೆನ್ಸಿನ ಮುಂದೆ ಹಾಕುವ, ಬೆಳಕು ತಗ್ಗಿಸುವ ಕಪ್ಪು ಗಾಜು. ಎರಡು ಸ್ಟಾಪ್‌ನ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ ಅಥವಾ ಎರಡರಷ್ಟು) ಎನ್‌ಡಿ4 ಹಾಕಿದರೆ ಎಫ್/20 ಇದ್ದದ್ದು ಎಫ್/10ಕ್ಕೆ ಬರುತ್ತದೆ, ಧೂಳೂ ಮಾಯ, ಮಂಕೂ ಮಾಯ. ಅದರ ಬದಲು ಪ್ರತಿಫಲನ ತಗ್ಗಿಸುವ ಫಿಲ್ಟರ್ ಪೋಲರೈಸರ್ ಹಾಕಬಹುದಲ್ಲ ಎಂದು ಎಲ್ಲರಿಗೂ ಹೊಳೆಯುತ್ತದೆ, ನನಗೂ ಹೊಳೆದಿತ್ತು. ಕಾಕ್‌ಪಿಟ್ ಮೇಲಿನ ಪಾರದರ್ಶಕ ಗೂಡು ಅಕ್ರಿಲಿಕ್‌ನದು, ಪೋಲರೈಸರ್ ಮೂಲಕ ನೋಡಿದರೆ ಅದರ ಮೇಲೆ ಎಣ್ಣೆ ಚೆಲ್ಲಿದ ನೀರಿನ ಹಾಗೆ ಬಣ್ಣದ ಪಟ್ಟಿ ಏಳುತ್ತವೆ. ಅದನ್ನು ಅಳಿಸುವುದಕ್ಕಿಂತ ಎನ್‌ಡಿ ಕೊಳ್ಳುವುದು ಅಗ್ಗ. ಫಿಲ್ಟರ್ ಇಲ್ಲದ ದಿನ ಮೋಡಕ್ಕೆ ಕಾಯಿರಿ. ಓಲ್ಡ್ ವಾರ್ಡನ್ನಿನ 1909ರ ಬ್ಲೇರಿಯೊ ಥರದ ಮುದಿ ವಿಮಾನಗಳನ್ನು ಹೊರತೆಗೆಯುವುದೇ ಗಾಳಿ ಪೂರ್ತಿ ಅಡಗಿದ ಸಂಜೆಗಳಲ್ಲಿ. ಆ ಬೆಳಕಿನಲ್ಲಿ ಈ ದೋಷ ಹತ್ತಿರಕ್ಕೂ ಸುಳಿಯುವುದಿಲ್ಲ.

ವಿಮಾನ ಕರಿ ನೆರಳಾಗಿದೆ

ಕಡುಹಸಿರು ಬಣ್ಣದ ವಿಮಾನ, ಹಿಂದೆ ಬಿಳಿ ಮೋಡ. ಕ್ಯಾಮೆರಾ ಮೋಡವನ್ನು ನೋಡಿ ಬೆಳಕು ಕಡಿಮೆ ಮಾಡುತ್ತದೆ. ಒಂದು ಸ್ಟಾಪ್ ಏರಿಸಿದರೆ ಸರಿಹೋಗುತ್ತದೆ. ಆದರೆ ಅದೇ ವಿಮಾನ ಮುಂದಿನ ಕ್ಷಣ ಮರಗಳ ಸಾಲಿಗಿಂತ ಕೆಳಗಿಳಿದರೆ ಆ ಏರಿಕೆಯಿಂದಲೇ ಫೋಟೊ ಸುಟ್ಟುಹೋಗುತ್ತದೆ. ಡಯಲ್ ಹಿಂದೆ ಓಡುವ ಬದಲು ಎಲ್ಲವನ್ನೂ ನಾವೇ ಕೈಯಿಂದ ಇಡುವ ಎಂ ಮೋಡ್‌ಗೆ ಹೋಗಿ, ಬಿಸಿಲಲ್ಲಿರುವ ಹುಲ್ಲಿನ ಮೇಲೆ ಅಳತೆ ತೆಗೆದು ಅಲ್ಲೇ ಬಿಟ್ಟುಬಿಡಿ. ಹುಲ್ಲು ಅತ್ತ ಬಿಳಿಯೂ ಅಲ್ಲ ಇತ್ತ ಕಪ್ಪೂ ಅಲ್ಲ, ಹದವಾದ ನಡುಮಟ್ಟ. ಆಮೇಲೆ ವಿಮಾನದ ಹಿಂದೆ ಮೋಡ ಬರಲಿ ಮರ ಬರಲಿ, ಲೆಕ್ಕ ಬದಲಾಗುವುದಿಲ್ಲ. ಸೂರ್ಯ ಮೋಡದ ಮರೆಗೆ ಹೋದಾಗ ಮಾತ್ರ ಮತ್ತೆ ಹುಲ್ಲು ನೋಡಿ.

ಇದಕ್ಕೂ ಜಗ್ಗದಿದ್ದರೆ ತಪ್ಪು ಕ್ಯಾಮೆರಾದ್ದಲ್ಲ, ನೀವು ನಿಂತ ಜಾಗದ್ದು. ಕೇಂಬ್ರಿಡ್ಜ್ ಹತ್ತಿರದ ಡಕ್ಸ್‌ಫರ್ಡ್‌ನಲ್ಲಿ ಜನ ರನ್‌ವೇಯ ಉತ್ತರಕ್ಕೆ ನಿಲ್ಲುತ್ತಾರೆ, ಮುಖ ದಕ್ಷಿಣಕ್ಕೆ. ಇಂಗ್ಲೆಂಡಿನಲ್ಲಿ ಸೂರ್ಯ ದಿನದ ಬಹುಪಾಲು ಇರುವುದೂ ಅಲ್ಲೇ. ನಡುಮಧ್ಯಾಹ್ನ ಎದುರಿಗೆ ಹಾದುಹೋಗುವ ವಿಮಾನದ ನಮ್ಮ ಕಡೆಯ ಮಗ್ಗುಲು ನೆರಳಿನಲ್ಲೇ ಇರುತ್ತದೆ, ಯಾವ ಸೆಟ್ಟಿಂಗೂ ಅದಕ್ಕೆ ಬಿಸಿಲು ತರಲಾರದು. ವಿಮಾನ ವಾಲಿ ಬೆನ್ನು ತೋರಿಸುವ ತಿರುವಿಗೆ ಕಾಯಿರಿ. ಸಂಜೆಯಾದಂತೆ ಸೂರ್ಯ ನಿಮ್ಮ ಬಲಕ್ಕೆ ಸರಿಯುತ್ತದೆ. ಆಗ ವಿಮಾನ ಎಡಗಡೆ ಇರುವಾಗ ಒತ್ತಿ, ಬಲಕ್ಕೆ ಬಂದ ಮೇಲೆ ಕ್ಯಾಮೆರಾ ಇಳಿಸಿ ಸುಮ್ಮನೆ ಮರ್ಲಿನ್ ಸದ್ದು ಕೇಳಿ.